ಗಾಜಿನ ಮೇಲಿನ ಬಿಲ್ಲೆ, ಗಣಕದೊಳಗಿನ ಹೆಸರು

ಒಂದು ವಾಹನಕ್ಕೆ ತೆರಿಗೆ ಕಟ್ಟಿದೆಯೇ ಇಲ್ಲವೇ ಎಂಬುದು ರಸ್ತೆಯಲ್ಲಿ ನಿಂತವರಿಗೆ ತಿಳಿಯುವುದು ಹೇಗೆ? ಬ್ರಿಟನ್ ದೇಶದಲ್ಲಿ ಈ ಪ್ರಶ್ನೆಗೆ 93 ವರ್ಷಗಳ ಕಾಲ ಒಂದೇ ಉತ್ತರವಿತ್ತು. ತೆರಿಗೆ ಕಟ್ಟಿದವರಿಗೆ ಸರ್ಕಾರ ದುಂಡನೆಯ ಚಿಕ್ಕ ಕಾಗದದ ಬಿಲ್ಲೆಯೊಂದನ್ನು ಕೊಡುತ್ತಿತ್ತು. ಅದನ್ನು ವಾಹನದ ಮೇಲೆ ಎಲ್ಲರಿಗೂ ಕಾಣುವಂತೆ ಇಡಬೇಕಾಗಿತ್ತು. ಕಾರಾದರೆ ಮುಂದಿನ ಗಾಜಿನ ಒಳಬದಿಗೆ. 1921ರ ಜನವರಿಯಲ್ಲಿ ಜಾರಿಗೆ ಬಂದ ಈ ಪದ್ಧತಿ 2014ರ ಅಕ್ಟೋಬರ್ 1ರಂದು ಕೊನೆಗೊಂಡಿತು. ಈಗ ಅಲ್ಲಿ ತೆರಿಗೆಗೆ ಸಾಕ್ಷಿ ಗಣಕಯಂತ್ರದ ದಾಖಲೆಯೊಂದೇ.

ಕಾಗದ ಹೋದರೇನಂತೆ, ದಾಖಲೆ ಇದೆಯಲ್ಲ ಎಂದು ನಿಮಗೆ ಅನಿಸಬಹುದು. ತೆರೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಬಿಡಿಸಿ ಹೇಳಲಾಗದ ಅಂಶ ಇರುವುದು ಇಲ್ಲಿಯೇ. ಆ ಪುಟ್ಟ ಬಿಲ್ಲೆ ಮೂರು ಕೆಲಸ ಮಾಡುತ್ತಿತ್ತು. ಮೊದಲನೆಯದಾಗಿ, ಅದು ಹಣ ಕಟ್ಟಿದ್ದಕ್ಕೆ ರಸೀದಿ. ಎರಡನೆಯದಾಗಿ, ಪೊಲೀಸರಿಗೂ ದಾರಿಹೋಕರಿಗೂ ಒಂದೇ ನೋಟಕ್ಕೆ ಸಿಗುವ ಪುರಾವೆ. ಮೂರನೆಯದಾಗಿ, ದಿನವೂ ಕಾರು ಹತ್ತುವ ಮಾಲೀಕರಿಗೆ ತೆರಿಗೆ ಮುಗಿಯುವ ತಿಂಗಳನ್ನು ನೆನಪಿಸುವ ಸೂಚನೆ.

ಮೊದಲ ಎರಡು ಕೆಲಸಗಳನ್ನು ಗಣಕಯಂತ್ರ ಕಾಗದಕ್ಕಿಂತ ಚೆನ್ನಾಗಿಯೇ ಮಾಡುತ್ತದೆ. ವೇಲ್ಸ್ ಪ್ರಾಂತದ ಸ್ವಾನ್ಸಿ ಪಟ್ಟಣದಲ್ಲಿರುವ ವಾಹನ ನೋಂದಣಿ ಸಂಸ್ಥೆಯಲ್ಲಿ ದೇಶದ ವಾಹನಗಳ ಪಟ್ಟಿ ಇದೆ. ರಸ್ತೆ ಬದಿಯ ಅಥವಾ ಪೊಲೀಸ್ ವಾಹನದ ಕ್ಯಾಮೆರಾ ಸಾಗುವ ವಾಹನದ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ. ಆ ಫಲಕಗಳು ಬೆಳಕನ್ನು ಪ್ರತಿಫಲಿಸುವಂಥವು; ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸಿದರೆ ರಾತ್ರಿಯೂ ಅಕ್ಷರಗಳು ಸ್ಪಷ್ಟವಾಗಿ ಮೂಡುತ್ತವೆ. ಗಣಕಯಂತ್ರ ಚಿತ್ರದಿಂದ ಅಕ್ಷರ ಮತ್ತು ಅಂಕಿಗಳನ್ನು ಬೇರ್ಪಡಿಸಿ ಗುರುತಿಸಿ, ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ವಾಹನವನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ಆದರೆ ಇದಕ್ಕೊಂದು ಮಿತಿಯಿದೆ. ಯಂತ್ರ ಓದುವುದು ಸಂಖ್ಯೆಯನ್ನು ಮಾತ್ರ. ಇನ್ನೊಬ್ಬರ ಸಂಖ್ಯೆಯನ್ನು ಕದ್ದು ಬರೆಸಿಕೊಂಡ ವಾಹನ ಹಾದುಹೋದರೆ, ನೋಟೀಸು ತಲುಪುವುದು ತಪ್ಪು ಮಾಡದವರ ಮನೆಗೆ.

ಮುದ್ರಣ, ಅಂಚೆ ಮುಂತಾದ ಖರ್ಚು ಉಳಿದು ವರ್ಷಕ್ಕೆ ಸುಮಾರು 1 ಕೋಟಿ ಪೌಂಡ್ ಮಿಗುತ್ತದೆ ಎಂದು ಅಲ್ಲಿನ ಸರ್ಕಾರ ಹೇಳಿತ್ತು. ಬ್ಯಾಂಕ್ ಖಾತೆಯಿಂದ ತಿಂಗಳ ಕಂತಿನಲ್ಲಿ ತೆರಿಗೆ ಕಟ್ಟುವ ಅನುಕೂಲವೂ ಆಗ ಬಂತು. ಇವು ನಿಜವಾದ ಲಾಭಗಳೇ. ಆದರೆ ಮುಂದಿನ ಅಂಕಿಗಳನ್ನು ಗಮನಿಸಿ. ಸರ್ಕಾರವೇ ನಡೆಸುವ ರಸ್ತೆ ಬದಿಯ ಸಮೀಕ್ಷೆಯ ಪ್ರಕಾರ 2013ರಲ್ಲಿ ತೆರಿಗೆ ಕಟ್ಟದ ವಾಹನಗಳು ಶೇಕಡಾ 0.6. 2015ರಲ್ಲಿ ಅದು ಶೇಕಡಾ 1.4ಕ್ಕೆ, 2017ರಲ್ಲಿ ಶೇಕಡಾ 1.8ಕ್ಕೆ ಏರಿತು. ಅಂದರೆ ನಾಲ್ಕು ವರ್ಷಗಳಲ್ಲಿ ಮೂರು ಪಟ್ಟು! ಎಲ್ಲರೂ ಒಮ್ಮೆಗೇ ವಂಚಕರಾದರೆಂದು ಇದರ ಅರ್ಥವಲ್ಲ.

ಬಿಲ್ಲೆಯ ಕಾಲದಲ್ಲಿ ತೆರಿಗೆ ವಾಹನಕ್ಕೆ ಅಂಟಿಕೊಂಡಿತ್ತು. ಆರು ತಿಂಗಳ ತೆರಿಗೆ ಬಾಕಿಯಿರುವ ಕಾರನ್ನು ಕೊಂಡರೆ ಆ ಆರು ತಿಂಗಳು ಕೊಂಡವರಿಗೆ ಸೇರುತ್ತಿತ್ತು. ಹೊಸ ಪದ್ಧತಿಯಲ್ಲಿ ತೆರಿಗೆ ಅಂಟಿಕೊಂಡಿರುವುದು ದಾಖಲೆಯಲ್ಲಿನ ಹೆಸರಿಗೆ. ಮಾರಿದವರು ತಿಳಿಸಿದ ಕೂಡಲೇ ಉಳಿದ ಪೂರ್ಣ ತಿಂಗಳುಗಳ ಹಣ ಅವರಿಗೆ ವಾಪಸಾಗುತ್ತದೆ; ಕೊಂಡವರು ರಸ್ತೆಗಿಳಿಯುವ ಮುನ್ನವೇ ಹೊಸದಾಗಿ ಕಟ್ಟಬೇಕು. ಇದನ್ನರಿಯದೆ ಕಾರು ಕೊಂಡು ಹೊರಟವರು, ತಮಗೆ ಗೊತ್ತಿಲ್ಲದೆಯೇ ತೆರಿಗೆ ಕಟ್ಟದವರ ಸಾಲಿಗೆ ಸೇರಿದರು. ಸಮೀಕ್ಷೆಯಲ್ಲಿ ಸಿಕ್ಕ ವಾಹನಗಳ ಪೈಕಿ ಹೊಸದಾಗಿ ಕೈ ಬದಲಿಸಿದವುಗಳ ಪಾಲು ಗಣನೀಯವಾಗಿತ್ತು. ಇನ್ನು ನೆನಪಿಸುವ ಮೂರನೆಯ ಕೆಲಸ? ಅಂಚೆಯಲ್ಲಿ ಸೂಚನಾ ಪತ್ರ ಬರುತ್ತದೆ, ನಿಜ. ಆದರೆ ಅದು ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಮನೆ ಬದಲಾಯಿಸಿ ತಿಳಿಸದಿದ್ದವರಿಗೆ ಪತ್ರವೂ ಇಲ್ಲ, ಕಣ್ಣೆದುರಿಗೆ ಬಿಲ್ಲೆಯೂ ಇಲ್ಲ.

ಒಟ್ಟು ತಾತ್ಪರ್ಯ ಇಷ್ಟು: ಕಾಗದದ ಪುರಾವೆ ನಿಮ್ಮ ಕೈಯಲ್ಲಿರುತ್ತದೆ, ಗಣಕದ ಪುರಾವೆ ಕಚೇರಿಯ ಕೈಯಲ್ಲಿರುತ್ತದೆ. ಅದು ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಮಾತ್ರ ನಿಮ್ಮದೇ.

ಇದು ದೂರದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಸ್ವಂತ ಕಾರು, ಸ್ಕೂಟರುಗಳಿಗೆ ನೋಂದಣಿಯ ವೇಳೆಯೇ ಜೀವಾವಧಿ ತೆರಿಗೆ ಕಟ್ಟುವುದರಿಂದ ವರ್ಷ ವರ್ಷದ ತಾಪತ್ರಯವಿಲ್ಲ. ಆದರೆ ಆರ್.ಸಿ., ವಿಮೆ, ಹೊಗೆ ತಪಾಸಣೆಯ ವಿವರಗಳೆಲ್ಲ ಈಗ 'ವಾಹನ್' ಎಂಬ ರಾಷ್ಟ್ರೀಯ ದಾಖಲೆಯಲ್ಲಿವೆ. ಡಿಜಿಲಾಕರ್ ಮತ್ತು ಎಂ-ಪರಿವಾಹನ್‌ನಲ್ಲಿ ತೋರಿಸುವ ದಾಖಲೆಗಳನ್ನು ಮೂಲ ಪತ್ರಗಳಂತೆಯೇ ಒಪ್ಪಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಕಡತ ಹೊತ್ತು ತಿರುಗುವ ಕಷ್ಟ ತಪ್ಪಿತು.

ಅದೇ 2018ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದನ್ನು ನೀವು ತಿಳಿದಿರಬೇಕು. ಕೈಯಿಂದ ಕೈಗೆ ಮಾರಾಟವಾಗಿದ್ದ ಕಾರೊಂದರಿಂದ ಅಪಘಾತವಾಗಿತ್ತು. ನೋಂದಣಿ ಮಾತ್ರ ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿತ್ತು. ದಾಖಲೆಯಲ್ಲಿ ಹೆಸರಿರುವವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಹಣ ಎಣಿಸಿಕೊಂಡು ಬೀಗದ ಕೈ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ.

ಆದ್ದರಿಂದ ಮೂರು ಮಾತು ನೆನಪಿಡಿ. ವಾಹನವನ್ನು ರಾಜ್ಯದೊಳಗೆ ಮಾರಿದರೆ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರಿಗೆ 30 ದಿನಗಳ ಅವಕಾಶವಿದೆ. ಹೆಸರು ನಿಜವಾಗಿ ಬದಲಾಗಿದೆಯೇ ಎಂದು ವಾರ ಬಿಟ್ಟು ನೀವೇ ನೋಡಿ. ಮಧ್ಯವರ್ತಿಯ ಮಾತಿಗೆ ಬಿಡಬೇಡಿ. ಮನೆಯಾಗಲಿ ಫೋನ್ ಸಂಖ್ಯೆಯಾಗಲಿ ಬದಲಾದರೆ ದಾಖಲೆಯನ್ನೂ ಬದಲಾಯಿಸಿ. ತೆರಿಗೆ, ವಿಮೆಯ ರಸೀದಿಗಳನ್ನು ಮನೆಯಲ್ಲಿ ಜೋಪಾನವಾಗಿಡಿ. ಗಣಕದ ದಾಖಲೆಗೂ ನಿಮ್ಮ ಮಾತಿಗೂ ತಾಳೆಯಾಗದ ದಿನ, ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಆ ಹಳೆಯ ಕಾಗದವೇ.