ತುಕ್ಕು ಹಿಡಿದ ಡ್ರಿಲ್ ಚಕ್‌ಗೆ ಮರುಜೀವ

ಮುಂಬಯಿಯ ಚೋರ್ ಬಜಾರಿನಲ್ಲಾಗಲಿ, ಪುಣೆಯ ಜೂನಾ ಬಜಾರಿನಲ್ಲಾಗಲಿ ಹಳೆಯ ಕಬ್ಬಿಣದ ರಾಶಿಯನ್ನು ಕೆದಕಿದರೆ ಮುಷ್ಟಿಗಾತ್ರದ, ತುಕ್ಕು ಮೆತ್ತಿದ ಉಂಡೆಯೊಂದು ಕೈಗೆ ಸಿಗುವುದುಂಟು. ತಿರುಗಿಸಿದರೆ ತಿರುಗದು. ದವಡೆಗಳು ಅರ್ಧ ಬಾಯಿ ತೆರೆದು ಹಾಗೆಯೇ ಕಚ್ಚಿಕೊಂಡಿರುತ್ತವೆ. ಕಾರ್ಖಾನೆಯಲ್ಲೋ ರೈಲ್ವೆ ವರ್ಕ್‌ಶಾಪಿನಲ್ಲೋ ಮೂವತ್ತು ವರ್ಷ ದುಡಿದು ನಿವೃತ್ತರಾಗಿ, ಫ್ಲಾಟಿನ ಬಾಲ್ಕನಿಯ ಮೂಲೆಯಲ್ಲಿ ಒಂದು ಬೆಂಚ್ ಡ್ರಿಲ್ ಇಟ್ಟುಕೊಂಡಿರುವ ಹಿರಿಯರ ಕಣ್ಣಿಗೆ ಅದು ಗುಜರಿಯಲ್ಲ, ಡ್ರಿಲ್ ಚಕ್. ಅಗ್ಗದ ಹೊಸ ಚಕ್‌ಗಿಂತ ಒಳ್ಳೆಯ ತಯಾರಿಕೆಯ ಹಳೆಯ ಚಕ್ ಎಷ್ಟೋ ಮೇಲೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದು ಎಲ್ಲೆಡೆ ಬಳಕೆಯಲ್ಲಿರುವ, ಹಲ್ಲುಳ್ಳ ಕೀಯಿಂದ ಬಿಗಿಯುವ ಮೂರು ದವಡೆಯ ಚಕ್‌ನ ಪೇಟೆಂಟು ದೊರೆತದ್ದು 1902ರಲ್ಲಿ, ಅಮೆರಿಕದ ಆರ್ಥರ್ ಇರ್ವಿಂಗ್ ಜೇಕಬ್ಸ್ ಎಂಬಾತನಿಗೆ. ಅದಕ್ಕೆ ಮುಂಚಿನ ಚಕ್‌ಗಳನ್ನು ಸ್ಪ್ಯಾನರಿನಿಂದ ಬಿಗಿಯಬೇಕಾಗಿತ್ತು. ಸ್ಪ್ಯಾನರು ಜಾರಿ ತನ್ನ ಬೆರಳ ಗೆಣ್ಣು ಜಜ್ಜಿದ ಮೇಲೆ ಆತ ಈ ಉಪಾಯ ಹೂಡಿದನೆಂದು ಪ್ರತೀತಿ. ನೂರಕ್ಕೂ ಹೆಚ್ಚು ವರ್ಷ ಸಂದರೂ ಒಳಗಿನ ರಚನೆ ಹೆಚ್ಚು ಬದಲಾಗಿಲ್ಲ. ಒಡಲಿನಲ್ಲಿ ಓರೆಯಾಗಿ ಕೊರೆದ ಮೂರು ರಂಧ್ರಗಳು, ಅವುಗಳಲ್ಲಿ ಜಾರುವ ಮೂರು ದವಡೆಗಳು, ದವಡೆಗಳ ಬೆನ್ನಿನ ಥ್ರೆಡ್ಡಿಗೆ ಹೊಂದುವ, ಎರಡು ಹೋಳಾದ ಒಂದು ನಟ್ಟು, ಆ ಹೋಳುಗಳನ್ನು ಬಿಗಿಯಾಗಿ ಅಪ್ಪಿರುವ ಹೊರಗಿನ ಸ್ಲೀವ್. ಕೀ ತಿರುಗಿಸಿದಾಗ ಸ್ಲೀವೂ ನಟ್ಟೂ ಒಟ್ಟಿಗೆ ತಿರುಗಿ ದವಡೆಗಳನ್ನು ಮುಂದೆ ತಳ್ಳುತ್ತವೆ, ಇಲ್ಲವೇ ಹಿಂದಕ್ಕೆ ಎಳೆಯುತ್ತವೆ.

ಕೊಳ್ಳುವ ಮೊದಲೇ ಎರಡು ಸಂಗತಿಗಳನ್ನು ನೋಡತಕ್ಕದ್ದು. ದವಡೆಗಳಲ್ಲಿ ಬಿರುಕಿದ್ದರೆ, ಅಥವಾ ಹಿಂಬದಿಯ ಟೇಪರ್ ರಂಧ್ರ ಗೀರಿ ಹಾಳಾಗಿದ್ದರೆ ಅದನ್ನು ರಾಶಿಯಲ್ಲಿಯೇ ಬಿಟ್ಟು ಬರುವುದು ಲೇಸು. ತುಕ್ಕನ್ನು ಬಿಡಿಸಬಹುದು, ಸವೆದ ಉಕ್ಕನ್ನು ಮನೆಯಲ್ಲಿ ಮರಳಿ ತುಂಬಲಾಗದು.

ಚಕ್ಕು ಹಳೆಯ ದಂಡಕ್ಕೆ ಅಂಟಿಕೊಂಡೇ ಬಂದಿದ್ದರೆ, ಎರಡು ಬೆಣೆಗಳನ್ನು ಎದುರುಬದುರಾಗಿ ಸಂದಿಗೆ ಸೇರಿಸಿ ಒತ್ತಿದರೆ ಟೇಪರ್ ಬಿಡುತ್ತದೆ. ಕೈ ಡ್ರಿಲ್ಲಿನ ಚಕ್ಕಾದರೆ ಅದು ಥ್ರೆಡ್ಡಿನ ಮೇಲೆ ಕುಳಿತಿರುತ್ತದೆ. ಹಿಂದುಮುಂದಾಗಿ ತಿರುಗುವ ಡ್ರಿಲ್ಲುಗಳಲ್ಲಿ ಚಕ್‌ನ ಹೊಟ್ಟೆಯೊಳಗೆ ಒಂದು ಸ್ಕ್ರೂ ಅಡಗಿರುತ್ತದೆ. ಅದರ ಥ್ರೆಡ್ಡು ಎಡಗೈಯದು, ಎಂದರೆ ಬಿಚ್ಚಲು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಸಬೇಕು. ಇದನ್ನರಿಯದೆ ಬಲಪ್ರಯೋಗ ಮಾಡಿ ಸ್ಕ್ರೂವಿನ ತಲೆ ಮುರಿದುಕೊಂಡವರು ಬಹಳ.

ಬಳಿಕ ಒಂದು ರಾತ್ರಿ ಚಕ್ಕನ್ನು ಸೀಮೆ ಎಣ್ಣೆಯಲ್ಲಿ, ಅದು ಸಿಗದ ಊರುಗಳಲ್ಲಿ ಬಣ್ಣದಂಗಡಿಯ ಮಿನರಲ್ ಟರ್ಪೆಂಟೈನಿನಲ್ಲಿ, ಮುಳುಗಿಸಿಡಬೇಕು. ಬೆಳಗಿಗೆ ದವಡೆಗಳು ಮಿಸುಕಲಾರಂಭಿಸಿದರೆ ಅರ್ಧ ಕೆಲಸ ಮುಗಿದಂತೆ. ದವಡೆಗಳನ್ನು ಮೂತಿಯಿಂದ ಹೊರಗೆ ಚಾಚದಷ್ಟು ಹಿಂದಕ್ಕೆ ಸರಿಸಿ, ಸ್ಲೀವಿಗೆ ಸುತ್ತಲೂ ಆಧಾರ ಕೊಡುವ ದಪ್ಪ ಪೈಪಿನ ತುಂಡೊಂದನ್ನು ಇಟ್ಟು, ಒಡಲನ್ನು ವೈಸಿನಲ್ಲಿ ನಿಧಾನವಾಗಿ ಒತ್ತಿದರೆ ಸ್ಲೀವು ಕಳಚುತ್ತದೆ. ಯಾವ ಕಡೆಗೆ ಕಳಚುವುದೆಂಬುದನ್ನು ಮೊದಲು ತೊಳೆದು, ಸಂದುಗಳನ್ನು ನೋಡಿ ನಿಶ್ಚಯಿಸಬೇಕು. ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ನಟ್ಟಿನ ಎರಡು ಹೋಳುಗಳಿಗೂ, ಮೂರು ದವಡೆಗಳಿಗೂ, ಅವು ಕುಳಿತಿದ್ದ ರಂಧ್ರಗಳಿಗೂ ಗುರುತು ಹಾಕದೆ ಯಾವುದನ್ನೂ ಹೊರತೆಗೆಯಕೂಡದು. ಮೂರು ದವಡೆಗಳು ನೋಡಲು ಒಂದೇ ತೆರನಾದರೂ ಅವುಗಳ ಥ್ರೆಡ್ಡು ಒಂದಕ್ಕಿಂತ ಒಂದು ಮೂರನೆಯ ಒಂದು ಸುತ್ತಿನಷ್ಟು ಹಿಂದೆಮುಂದೆ ಆರಂಭವಾಗುತ್ತದೆ. ಸ್ಥಾನ ಅದಲುಬದಲಾದರೆ ಮೂರೂ ತುದಿಗಳು ಎಂದಿಗೂ ಒಂದೆಡೆ ಕೂಡವು.

ತುಕ್ಕು ಬಿಡಿಸಲು ಅಡಿಗೆಮನೆಯ ಹುಣಸೆಹಣ್ಣೇ ಸಾಕು. ಹುಣಸೆಯ ನೀರಿನಲ್ಲಿ ನೆನೆಸಿ, ನಡುನಡುವೆ ತೆಗೆದು ತಂತಿ ಬ್ರಷ್ಷಿನಿಂದ ಉಜ್ಜಿ, ಕೊನೆಗೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ಹುಳಿಯನ್ನು ಕಳೆದು, ಬಿಸಿನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಸವರಬೇಕು. ಒಂದು ಗಂಟೆ ತಡವಾದರೂ ಮುಂಬಯಿಯ ಮಳೆಗಾಲ ಹೊಸ ತುಕ್ಕನ್ನು ತಂದಿಡುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನು ಬಳಸುವವರೂ ಇದ್ದಾರೆ. ಅದು ಸರ್ವಥಾ ಸಲ್ಲದು. ಹದ ಮಾಡಿದ ಉಕ್ಕು ತೀಕ್ಷ್ಣ ಆಮ್ಲದಲ್ಲಿ ಜಲಜನಕವನ್ನು ಹೀರಿಕೊಂಡು ಪೆಡಸಾಗಿ ಮುರಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಹಬೆ ಶ್ವಾಸಕೋಶವನ್ನು ಸುಡುತ್ತದೆ.

ಸೀಮೆ ಎಣ್ಣೆಯ ವಿಚಾರದಲ್ಲಿ ಚಿಕ್ಕ ಮನೆಗಳವರು ವಿಶೇಷ ಎಚ್ಚರ ವಹಿಸಬೇಕು. ಉಳಿದ ಎಣ್ಣೆಯನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸ ಅತ್ಯಂತ ಅಪಾಯಕರ. ಮೊಮ್ಮಗು ಅದನ್ನು ನೀರೆಂದು ಕುಡಿದರೆ, ಹೊಟ್ಟೆಗಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಹಾನಿ. ಅಂಥ ಸಮಯದಲ್ಲಿ ವಾಂತಿ ಮಾಡಿಸಲು ಯತ್ನಿಸಬಾರದು. ವಾಂತಿಯ ಜೊತೆಗೆ ಎಣ್ಣೆ ಶ್ವಾಸನಾಳಕ್ಕೆ ಇಳಿಯುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬರಿಗೈಯನ್ನು ದಿನವೂ ಈ ಎಣ್ಣೆಗಳಲ್ಲಿ ಅದ್ದುವವರ ಚರ್ಮ ಒಣಗಿ, ಬಿರಿದು, ತುರಿಯೇಳುವುದೂ ಉಂಟು. ತೊಳೆಯುವಾಗ ರಬ್ಬರ್ ಕೈಗವಸು ಒಳ್ಳೆಯದು.

ಮರುಜೋಡಣೆಯಲ್ಲಿ ದವಡೆಗಳನ್ನು ಗುರುತಿನಂತೆ ಕೂರಿಸಿ, ತೆಳುವಾಗಿ ಎಣ್ಣೆ ಹಚ್ಚಿ, ಮೂರೂ ತುದಿಗಳು ಸಮವಾಗಿ ಕೂಡುವವೇ ಎಂದು ನೋಡಿಯೇ ನಟ್ಟಿನ ಹೋಳುಗಳನ್ನಿಟ್ಟು ಸ್ಲೀವನ್ನು ನೇರವಾಗಿ ಒತ್ತಬೇಕು. ಚಕ್ಕನ್ನು ಮತ್ತೆ ದಂಡಕ್ಕೆ ಏರಿಸುವಾಗ ಮಾತ್ರ ಎಣ್ಣೆ ಕೂಡದು. ಟೇಪರಿನ ಎರಡೂ ಮೈಗಳು ಒಣಗಿ ಶುಭ್ರವಾಗಿರಬೇಕು. ದವಡೆಗಳನ್ನು ಪೂರ್ಣ ಒಳಗೆಳೆದು, ಮೂತಿಗೆ ಮರದ ಕೊಡತಿಯಿಂದ ಒಂದೆರಡು ಪೆಟ್ಟು ಕೊಟ್ಟರೆ ಸಾಕು. ನೆಟ್ಟಗಿರುವ ಉಕ್ಕಿನ ಸರಳೊಂದನ್ನು ಕಚ್ಚಿಸಿ ಡಯಲ್ ಗೇಜಿನಿಂದ ಅಳೆದಾಗ ಓಲಾಟ 0.1 ಮಿಲಿಮೀಟರಿನೊಳಗಿದ್ದರೆ ಮನೆಗೆಲಸಕ್ಕೆ ಆ ಚಕ್ಕು ಧಾರಾಳ ಸಾಕು.

ಯಂತ್ರ ತಿರುಗುವಾಗ ಕೈಗವಸು, ಜೋಲುವ ತೋಳು, ಸೀರೆಯ ಸೆರಗು, ಬಿಚ್ಚಿದ ಕೂದಲು ಹತ್ತಿರ ಸುಳಿಯಬಾರದು. ತೊಳೆಯುವಾಗ ಕೈ ಕಾಯ್ದ ಗವಸೇ ಇಲ್ಲಿ ಬೆರಳನ್ನು ಸೆಳೆದೊಯ್ಯುತ್ತದೆ. ಕೀಯನ್ನು ಚಕ್‌ನಲ್ಲಿಯೇ ಮರೆತು ಸ್ವಿಚ್ಚು ಹಾಕಿದರೆ ಅದು ಗುಂಡಿನಂತೆ ಹಾರುತ್ತದೆ. ಕಳೆಯದಿರಲೆಂದು ಅದನ್ನು ದಾರದಿಂದ ಯಂತ್ರಕ್ಕೆ ಕಟ್ಟುವುದು ಇನ್ನೊಂದು ತಪ್ಪು. ದಾರವೇ ಸುತ್ತಿಕೊಳ್ಳುತ್ತದೆ.

ತುಕ್ಕಿನಿಂದಲೇ ಧನುರ್ವಾಯು ಬರುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರೋಗಾಣು ಇರುವುದು ಮಣ್ಣು, ಸಗಣಿಗಳಲ್ಲಿ. ಮಣ್ಣು ಮೆತ್ತಿದ ಗುಜರಿ ಚುಚ್ಚಿದ ಆಳವಾದ ಗಾಯ ಅದಕ್ಕೆ ದಾರಿಯಾಗುತ್ತದೆ. ಹತ್ತು ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿಕೊಂಡಿರುವುದು ಕ್ಷೇಮ. ಓದುವ ಕನ್ನಡಕ ರಕ್ಷಣೆಯ ಕನ್ನಡಕಕ್ಕೆ ಬದಲಾಗದು. ತಂತಿ ಬ್ರಷ್ಷಿನ ಎಳೆಯೋ ಕಬ್ಬಿಣದ ಕಣವೋ ಕಣ್ಣಿಗೆ ಬಿದ್ದರೆ ಉಜ್ಜಬಾರದು. ಕಬ್ಬಿಣದ ಕಣ ಪಾರಪಟಲದ ಮೇಲೆ ನಿಂತು ಅಲ್ಲಿಯೂ ತುಕ್ಕಿನ ಉಂಗುರ ಮೂಡಿಸುತ್ತದೆ. ನೋವು ಕಡಿಮೆಯಾಯಿತೆಂದು ಸುಮ್ಮನಿರದೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು.