ಕಬ್ಬಿನ ಹಾಲಿನಲ್ಲಿ ಬೆಳಕಿನ ಅಳತೆ

ಫೋಟಾನಿಕ್ಸ್ ಎಂಬ ಹೆಸರು ಕೇಳದವರೂ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅದರ ಕೆಲಸವನ್ನು ಕಂಡಿರುತ್ತಾರೆ. ಕಟಾವಿಗೆ ಮುಂಚೆ ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಗದ್ದೆಗೆ ಬಂದು, ಕಬ್ಬನ್ನು ಚುಚ್ಚಿ ಒಂದೆರಡು ಹನಿ ಹಾಲು ತೆಗೆದು, ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಬಿಟ್ಟು ಬಿಸಿಲಿನ ಕಡೆ ಹಿಡಿದು ನೋಡುತ್ತಾರೆ. ಒಳಗೆ ಮೇಲರ್ಧ ನೀಲಿ, ಕೆಳಗರ್ಧ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಬ್ರಿಕ್ಸ್. ಕಬ್ಬಿನ ಬುಡದ ಬ್ರಿಕ್ಸೂ ತುದಿಯ ಬ್ರಿಕ್ಸೂ ಹೆಚ್ಚುಕಡಿಮೆ ಸಮನಾಗಿದ್ದರೆ ಕಬ್ಬು ಮಾಗಿದೆ ಎಂದು ಅರ್ಥ.

ಬೆಳಕನ್ನು ಹುಟ್ಟಿಸುವ, ಸಾಗಿಸುವ, ಪಳಗಿಸುವ, ಅದರಿಂದ ಅಳೆಯುವ ವಿದ್ಯೆಯೇ ಫೋಟಾನಿಕ್ಸ್. ಲೇಸರ್, ಫೈಬರ್ ಕೇಬಲ್, ಮೊಬೈಲ್ ಕ್ಯಾಮೆರಾ ಎಲ್ಲವೂ ಅದರ ಮಕ್ಕಳೇ. ಕಬ್ಬಿನ ಗದ್ದೆಯಲ್ಲಿ ಅದು ಮಾಡುವುದು ಸರಳವಾದ ಕೆಲಸ. ನೀರಿನಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗ ಬೆಳಕು ಬಾಗುತ್ತದೆ. ಎಷ್ಟು ಬಾಗುತ್ತದೆಂಬುದು ವಕ್ರೀಭವನ ಸೂಚ್ಯಂಕದ ಮೇಲೆ ನಿಂತಿದೆ. ಬರೀ ನೀರಿಗೆ ಅದು 1.333, ನೂರು ಗ್ರಾಂ ದ್ರಾವಣದಲ್ಲಿ ಇಪ್ಪತ್ತು ಗ್ರಾಂ ಸಕ್ಕರೆ ಇದ್ದರೆ ಸುಮಾರು 1.364. ವ್ಯತ್ಯಾಸ ಇಷ್ಟೇ ಇಷ್ಟು. ಅದನ್ನು ಗದ್ದೆಯ ಬದುವಿನ ಮೇಲೆ ನಿಂತು ಓದುವಂತೆ ಮಾಡಿದ್ದು ಒಂದು ವಿಶ್ವವಿದ್ಯಾಲಯವೂ ಒಂದು ಕಾರ್ಖಾನೆಯೂ ಕೂಡಿ ನಡೆಸಿದ ಸಂಸಾರ.

ಅದು ನಡೆದ ಊರು ಜರ್ಮನಿಯ ಯೆನಾ. ಅಲ್ಲಿ ಕಾರ್ಲ್ ಝೈಸ್ 1846ರಲ್ಲಿ ತೆರೆದ ಕಾರ್ಯಾಗಾರದಲ್ಲಿ ಸೂಕ್ಷ್ಮದರ್ಶಕಗಳನ್ನು ಮಾಡುತ್ತಿದ್ದರು. ಮಸೂರಗಳನ್ನು ಉಜ್ಜಿ, ಜೋಡಿಸಿ, ಸರಿಬಾರದಿದ್ದರೆ ಬಿಚ್ಚಿ ಮತ್ತೆ ಉಜ್ಜುವ ಪರಿಪಾಟ. ಹೀಗೆ ಬಹಳ ದೂರ ಹೋಗಲಾಗದೆಂದು ಅರಿತ ಝೈಸ್, 1866ರಲ್ಲಿ ಯೆನಾ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ಅರ್ನ್‌ಸ್ಟ್ ಅಬ್ಬೆಯನ್ನು ಜೊತೆಗೆ ಕರೆದರು. ಮಸೂರವನ್ನು ಮೊದಲೇ ಲೆಕ್ಕ ಹಾಕಿ ಮಾಡಬೇಕೆಂದರೆ ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದು ಕರಾರುವಾಕ್ಕಾಗಿ ತಿಳಿಯಬೇಕು. ಅದಕ್ಕಾಗಿ ಅಬ್ಬೆ ತಮ್ಮ ಕೆಲಸಕ್ಕೇ ರೂಪಿಸಿಕೊಂಡ ಉಪಕರಣ ವಕ್ರೀಭವನಮಾಪಕ; 1874ರಲ್ಲಿ ಅದರ ವಿವರ ಪ್ರಕಟವಾಯಿತು. ಮಸೂರ ಮಾಡುವವರ ಒಳಗಿನ ಅಗತ್ಯಕ್ಕೆ ಹುಟ್ಟಿದ ಸಾಧನ ಸಕ್ಕರೆಯ ಲೋಕಕ್ಕೆ ಬಂದು ನೆಲೆಸಿತು. ಬೇಕಾದಂಥ ಗಾಜು ಸಿಗದಿದ್ದಾಗ ರಸಾಯನವಿಜ್ಞಾನಿ ಒಟ್ಟೊ ಷಾಟ್ ಜೊತೆ ಸೇರಿ 1884ರಲ್ಲಿ ಗಾಜಿನ ಪ್ರಯೋಗಾಲಯ ತೆರೆದರು. 1889ರಲ್ಲಿ ಅಬ್ಬೆ ಸ್ಥಾಪಿಸಿದ ಝೈಸ್ ಪ್ರತಿಷ್ಠಾನದ ಮೂಲಕ ಕಾರ್ಖಾನೆಯ ಲಾಭದ ಪಾಲು ವಿಶ್ವವಿದ್ಯಾಲಯಕ್ಕೆ ಹರಿಯಿತು. ವಿಶ್ವವಿದ್ಯಾಲಯ ಮತ್ತು ಉದ್ಯಮದ ಸಹಯೋಗ ಎಂದು ಇಂದು ಸಹಿಯಾಗುವ ಎಷ್ಟೋ ಒಪ್ಪಂದಗಳಿಗಿಂತ ಇದು ಗಟ್ಟಿಯಾದ ಮಾದರಿ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ಪ್ರಶ್ನೆ ಕಾರ್ಖಾನೆಯಿಂದ ಹೋಯಿತು, ಹಣ ವಿದ್ಯೆಗೆ ಮರಳಿತು.

ಆದರೆ ಬ್ರಿಕ್ಸ್ ಪೂರ್ತಿ ಸತ್ಯ ಹೇಳುವುದಿಲ್ಲ. ಹಾಲಿನಲ್ಲಿ ಕರಗಿದ್ದೆಲ್ಲವನ್ನೂ, ಉಪ್ಪನ್ನೂ ಗ್ಲೂಕೋಸನ್ನೂ, ಅದು ಒಟ್ಟಿಗೆ ಎಣಿಸುತ್ತದೆ. ಕಾರ್ಖಾನೆಗೆ ಬೇಕಾದದ್ದು ಹರಳುಗಟ್ಟುವ ಸುಕ್ರೋಸ್ ಮಾತ್ರ. ಅದನ್ನು ಹಿಡಿಯಲು ಬೆಳಕಿನ ಇನ್ನೊಂದು ಗುಣ ಬೇಕು. ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕನ್ನು ಸಕ್ಕರೆ ನೀರಿನೊಳಗೆ ಹಾಯಿಸಿದರೆ ಆ ಕಂಪನದ ದಿಕ್ಕು ತಿರುಗುತ್ತದೆ. ಸುಕ್ರೋಸ್ ಅಣುವಿಗೆ ನಮ್ಮ ಕೈಗಳ ಹಾಗೆ ಎಡ-ಬಲ ಎಂಬ ಭೇದ ಇರುವುದೇ ಇದಕ್ಕೆ ಕಾರಣ. ದ್ರವಗಳ ಈ ಗುಣವನ್ನು ಫ್ರಾನ್ಸಿನ ಝಾನ್ ಬಾಟಿಸ್ಟ್ ಬಿಯೊ 1815ರಲ್ಲಿ ಕಂಡರು. ಒಂದು ದೇಶದ ಅಳತೆ ಇನ್ನೊಂದು ದೇಶಕ್ಕೆ ಒಪ್ಪದೆ ವ್ಯಾಪಾರದಲ್ಲಿ ಜಗಳ ಬರತೊಡಗಿದ್ದರಿಂದ 1897ರಲ್ಲಿ ಸಕ್ಕರೆ ವಿಶ್ಲೇಷಣೆಗೆ ಅಂತರರಾಷ್ಟ್ರೀಯ ಆಯೋಗವೇ ಹುಟ್ಟಿತು. 26 ಗ್ರಾಂ ಶುದ್ಧ ಸುಕ್ರೋಸನ್ನು 100 ಮಿಲಿಲೀಟರ್ ದ್ರಾವಣವಾಗಿಸಿ 200 ಮಿಲಿಮೀಟರ್ ಉದ್ದದ ಕೊಳವೆಯಲ್ಲಿ ನೋಡಿದಾಗ ಬರುವ ತಿರುಗುವಿಕೆ ನೂರು ಎಂಬುದು ಅಳತೆಯ ಲೆಕ್ಕ. ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಎಲ್ಲರೂ ಅನ್ನುವ 'ಪೋಲ್' ಇದೇ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಕಾರ್ಖಾನೆಯಾಗಲಿ, ಮದ್ದೂರು ತಾಲ್ಲೂಕಿನ ಕಾರ್ಖಾನೆಗಳಾಗಲಿ, ಹಾಲು ಎಷ್ಟು ಶುದ್ಧ ಎಂದು ಹೇಳುವುದು ಪೋಲನ್ನು ಬ್ರಿಕ್ಸಿನಿಂದ ಭಾಗಿಸಿಯೇ.

ಇಲ್ಲಿ ರೈತರಿಗೆ ತಿಳಿದಿರಬೇಕಾದ ಮಾತೊಂದಿದೆ. ಕಡಿದ ಕಬ್ಬು ಯಾರ್ಡಿನಲ್ಲಿ ಬಿಸಿಲಿಗೆ ನಿಂತಂತೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಪೋಲ್ ಕುಸಿಯುತ್ತದೆ. ಅದೇ ಹೊತ್ತಿನಲ್ಲಿ ನೀರು ಆರಿ ಹೋಗುವುದರಿಂದ ಬ್ರಿಕ್ಸ್ ಏರಿದ್ದೂ ಉಂಟು. ಬ್ರಿಕ್ಸ್ ಚೆನ್ನಾಗಿದೆಯಲ್ಲ ಎಂದುಕೊಂಡ ಕಬ್ಬಿನಲ್ಲಿ ಸಕ್ಕರೆ ಕಮ್ಮಿಯಾಗಿರುತ್ತದೆ, ತೂಕವೂ ಇಳಿದಿರುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, ಅದೂ ಶೇ 10.25ರ ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲಿಗೆ), ರಿಕವರಿ ಶೇ 0.1 ಏರಿದರೆ 3.46 ರೂಪಾಯಿ ಹೆಚ್ಚು. ಆದರೆ ಈ ರಿಕವರಿ ಇಡೀ ಕಾರ್ಖಾನೆಯದು. ಚೆನ್ನಾಗಿ ಬೆಳೆದ ರೈತನ ಕಬ್ಬಿಗೂ ಸೊರಗಿದ ಕಬ್ಬಿಗೂ ಒಂದೇ ಲೆಕ್ಕ. ಗಾಡಿ ಗಾಡಿಯ ಸಕ್ಕರೆಯನ್ನು ಬೇರೆಬೇರೆಯಾಗಿ ಅಳೆಯುವುದು ಹಳೆಯ ಪ್ರಯೋಗಾಲಯದ ಕೈಗೆ ನಿಲುಕುವಂಥದ್ದಲ್ಲ.

ಹೊಸ ಫೋಟಾನಿಕ್ಸ್ ನೆರವಿಗೆ ಬರುವುದು ಇಲ್ಲೇ. ಕಣ್ಣಿಗೆ ಕಾಣುವ ಕೆಂಪಿನಾಚೆಯ, 780ರಿಂದ 2500 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಸಕ್ಕರೆಯ, ನೀರಿನ, ನಾರಿನ ಅಣುಬಂಧಗಳು ತಮ್ಮತಮ್ಮ ರೀತಿಯಲ್ಲಿ ಹೀರಿಕೊಳ್ಳುತ್ತವೆ. ಈ ಹೀರುವಿಕೆಯಿಂದ ಅಳೆಯುವ ವಿಧಾನವನ್ನು ಧಾನ್ಯಗಳ ಮೇಲೆ 1960ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಸಂಶೋಧನಾ ಸಂಸ್ಥೆಯೂ ಕಾರ್ಖಾನೆಗಳೂ ಕೂಡಿ, ಸೀಳಿದ ಕಬ್ಬು ಸಾಗುತ್ತಿರುವಾಗಲೇ ಈ ಬೆಳಕಿನಿಂದ ಅಳೆಯುವ ವ್ಯವಸ್ಥೆ ಮಾಡಿಕೊಂಡವು. ಹಾಲು ಹಿಂಡಿ ಸೋಸುವ ಕೆಲಸ ಇಲ್ಲ, ಕಾಯುವುದೂ ಇಲ್ಲ.

ಅಂಥ ಉಪಕರಣವನ್ನು ಹಣ ಕೊಟ್ಟು ತರಬಹುದು. ತರಲಾಗದ್ದು ಅದರ ಹೊಂದಾಣಿಕೆಯ ಲೆಕ್ಕ. ನೀರಿನ ಹೀರುವಿಕೆ ಸಕ್ಕರೆಯದನ್ನು ಮುಚ್ಚಿಬಿಡುವುದರಿಂದ, ಯಾವ ಹೀರುವಿಕೆಗೆ ಎಷ್ಟು ಸಕ್ಕರೆ ಎಂಬುದನ್ನು ಆಯಾ ಸೀಮೆಯ ಕಬ್ಬಿನಿಂದಲೇ ಕಲಿಸಬೇಕು. ಕ್ವೀನ್ಸ್‌ಲ್ಯಾಂಡಿನ ಕಬ್ಬಿನಲ್ಲಿ ಕಲಿತ ಯಂತ್ರ ಇಲ್ಲಿಯ ಸಿಒ 62175 ತಳಿಗೋ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಅಭಿವೃದ್ಧಿಪಡಿಸಿದ ವಿಸಿಎಫ್ 0517ಕ್ಕೋ ಹಾಗೇ ಒಗ್ಗುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ತಲೆಭಾಗದ ಕಬ್ಬು, ಮದ್ದೂರು-ಮಳವಳ್ಳಿಯ ಕೊನೆಭಾಗದಲ್ಲಿ ನೀರಿಗೆ ಕಾದ ಕಬ್ಬು, ನಾಟಿ ಬೆಳೆ, ಕೂಳೆ ಬೆಳೆ, ನವೆಂಬರಿನದು, ಏಪ್ರಿಲಿನದು ಎಲ್ಲವೂ ಬೇಕು. ಪ್ರತಿಯೊಂದನ್ನೂ ಹೊಸ ಬೆಳಕಿನಲ್ಲೂ ಹಳೆಯ ಪೋಲ್‌ನಲ್ಲೂ ಅಳೆದು ಹೋಲಿಸಬೇಕು. ತಾಳ್ಮೆಯ ಕೆಲಸ, ನೂರಾರು ಮಾದರಿಗಳ ಕೆಲಸ. ಮಾಡಬಲ್ಲವರು ಇಲ್ಲೇ ಇದ್ದಾರೆ: ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳು, 1962ರಿಂದ ನಡೆಯುತ್ತಿರುವ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಕಾರ್ಖಾನೆಗಳ ಕೆಮಿಸ್ಟರು. ಬೆಳಕಿನ ಚಿಪ್‌ಗಳನ್ನು ಮಾಡುವ ಪ್ರಯೋಗಾಲಯ ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಕೇಂದ್ರ ಸರ್ಕಾರದ ನ್ಯಾನೊ ಎಲೆಕ್ಟ್ರಾನಿಕ್ಸ್ ತರಬೇತಿಯ ಐಎನ್‌ಯುಪಿ ಯೋಜನೆಯಡಿ ಹೊರಗಿನ ಕಾಲೇಜುಗಳ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ಅಲ್ಲಿ ತರಬೇತಿಯನ್ನೂ ಕೊಟ್ಟಿದ್ದಾರೆ.

ಇವರೆಲ್ಲ ಕೂಡಿ ಕೆಲಸ ಮಾಡಲು ಒಪ್ಪಂದ ಬರೆಯುವಾಗ ಮರೆಯಬಾರದ ಒಂದು ಸಾಲು ಇದೆ. ಇಲ್ಲಿಯ ಕಬ್ಬಿನಿಂದ ಸಿದ್ಧವಾದ ಹೊಂದಾಣಿಕೆಯ ಅಂಕಿಪಟ್ಟಿ ಉಪಕರಣ ಮಾರುವ ಹೊರದೇಶದ ಕಂಪನಿಯ ಬೀಗದೊಳಗೆ ಸೇರಿಕೊಂಡರೆ, ಹೊಸ ತಳಿ ಗದ್ದೆಗೆ ಬಂದ ವರ್ಷವೇ ಮತ್ತೆ ಅವರ ಬಾಗಿಲಿಗೆ ಹೋಗಬೇಕು. ಪಟ್ಟಿ ಕಾಲೇಜಿನ ಕೈಯಲ್ಲಿದ್ದರೆ ಮುಂದಿನ ಹಂಗಾಮಿನ ಮಾದರಿಗಳನ್ನು ಸೇರಿಸಿ ಅದನ್ನು ಇಲ್ಲೇ ತಿದ್ದಿಕೊಳ್ಳಬಹುದು, ತನ್ನ ಗಾಡಿಯ ಅಂಕಿ ಹೇಗೆ ಬಂತು ಎಂದು ಕೇಳುವ ರೈತನಿಗೆ ತೆರೆದೂ ತೋರಿಸಬಹುದು.