ಕೌದಿಗೆ ಕರಿಯ ಅರಿವೆ

ಧಾರವಾಡ ಸೀಮೆಯ ಕೌದಿಯೊಂದನ್ನು ಬಿಸಿಲಿಗೆ ಹರವಿದಾಗ ನೋಡುವವರ ಕಣ್ಣು ಮೊದಲು ಹೋಗುವುದು ಕೆಂಪು, ಹಳದಿ, ಹಸಿರು ತುಂಡುಗಳ ಕಡೆಗೆ. ಆದರೆ ಆ ಕೆಂಪು ಅಷ್ಟು ಕೆಂಪಾಗಿ, ಆ ಹಳದಿ ಅಷ್ಟು ಹಳದಿಯಾಗಿ ಕಾಣುವುದಕ್ಕೆ ಕಾರಣ ಅವುಗಳ ನಡುವೆ ಸದ್ದಿಲ್ಲದೆ ಕುಳಿತ ಕರಿಯ ತುಂಡು. ಗುಳೇದಗುಡ್ಡದ ಹಳೆಯ ಖಣದ ಪಕ್ಕಕ್ಕೆ ಎರಡು ಬೆರಳಗಲದ ಕರಿಯ ಪಟ್ಟಿಯೊಂದು ಬಂದರೆ ಸಾಕು, ಮಾಸಿದ ಖಣಕ್ಕೂ ಹೊಸ ಕಳೆ ಬರುತ್ತದೆ. ಇಡೀ ಕೌದಿಗೆ ಅಂದ ಕೊಡುವ ಈ ಕರಿಯ ಅರಿವೆಯೇ ಇಡೀ ಕೌದಿಯನ್ನು ಕೆಡಿಸಲೂ ಬಲ್ಲದು. ವಾರಗಟ್ಟಲೆ ಕುಳಿತು, ಸಾಲಿಗೆ ಸಾಲು ಕೂಡಿಸಿ ಹೊಲಿದ ಕೌದಿಯನ್ನು ಮೊದಲ ಸಲ ನೀರಿಗೆ ಹಾಕಿದೊಡನೆ ಕಪ್ಪು ಕರಗಿ ಪಕ್ಕದ ಬಿಳಿಯ ಧೋತರದ ತುಂಡು ಬೂದಿಯ ಬಣ್ಣಕ್ಕೆ ತಿರುಗಿದರೆ, ಆ ನಷ್ಟವನ್ನು ಹಣದಲ್ಲಿ ಅಳೆಯುವಂತಿಲ್ಲ.

ಅಂಗಿಯ ಬಣ್ಣ ಹೋದರೆ ಅಂಗಿಯೊಂದೇ ಹೋಯಿತು. ಕೌದಿಯ ಮಾತು ಹಾಗಲ್ಲ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ತೀರಿಕೊಂಡವರ ರುಮಾಲು, ಮಗಳ ಚಿಕ್ಕಂದಿನ ಪರಕಾರ, ಇವೆಲ್ಲ ಒಂದೇ ಹೊದಿಕೆಯಲ್ಲಿ ಸೇರಿರುತ್ತವೆ. ಅವುಗಳಲ್ಲಿ ಯಾವುದನ್ನೂ ಅಂಗಡಿಯಿಂದ ಮತ್ತೆ ತರುವಂತಿಲ್ಲ. ಕೆಟ್ಟ ತುಂಡೊಂದನ್ನು ಬಿಚ್ಚಿ ಬೇರೆಯದನ್ನು ಹಚ್ಚುವುದೂ ಸುಲಭವಲ್ಲ. ಕಲಘಟಗಿಯ ನೆರೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿನ ಕಡೆಗೆ ಬರುತ್ತಾರೆ. ಒಂದು ತುಂಡಿನ ಅಂಚು ಮುಂದಿನ ತುಂಡಿನ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೂಲೆಗಳಲ್ಲಿ ಮಡಿಕೆಯ ಮೇಲೆ ಮಡಿಕೆಯಿಟ್ಟು ಹೊಲಿದ ‘ಫುಲಾ’ ಎಂಬ ಹೂವು ಮುಗಿಯುವ ಹೊತ್ತಿಗೆ ಯಾವ ತುಂಡೂ ಒಂಟಿಯಾಗಿ ಉಳಿದಿರುವುದಿಲ್ಲ. ಅದರಲ್ಲಿಯ ಒಂದು ಕರಿಯ ತುಂಡು ಸೋಂಬೇರಿ ಬಣ್ಣದ್ದೆಂದು ಆಮೇಲೆ ತಿಳಿದರೆ ಮಾಡುವುದಾದರೂ ಏನು?

ಹಿಂದಿನವರಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಕೌದಿಗೆ ಬರುತ್ತಿದ್ದುದು ಹತ್ತು ವರುಷ ಉಟ್ಟು, ನೂರಾರು ಸಲ ಹಳ್ಳದ ಕಲ್ಲಿಗೆ ಬಡಿದು ಒಗೆದ ಅರಿವೆ. ಬಿಡಬೇಕಾದ ಬಣ್ಣವನ್ನೆಲ್ಲ ಅದು ಎಂದೋ ಬಿಟ್ಟಿರುತ್ತಿತ್ತು. ಕುಗ್ಗಬೇಕಾದಷ್ಟು ಕುಗ್ಗಿಯೂ ಆಗಿರುತ್ತಿತ್ತು. ಹಳೆಯ ಬಟ್ಟೆಯ ಕೌದಿ ಬಡತನದ ಉಪಾಯವೆಂದು ಪಟ್ಟಣದವರು ತಿಳಿಯುವುದುಂಟು. ವಾಸ್ತವದಲ್ಲಿ ಅದು ಪರೀಕ್ಷೆಯಲ್ಲಿ ತೇರ್ಗಡೆಯಾದ ಬಟ್ಟೆಯನ್ನಷ್ಟೇ ಆರಿಸಿಕೊಳ್ಳುವ ಜಾಣತನವೂ ಹೌದು. ಇಂದು ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಮನೆಗಳಲ್ಲಿಯೂ ನಿತ್ಯದ ಸೀರೆ ಬಹುಪಾಲು ಪಾಲಿಯೆಸ್ಟರಿನದು. ಅದರ ಕಪ್ಪು ನೀರಿನಲ್ಲಿ ಸಾಮಾನ್ಯವಾಗಿ ಬಿಡದು, ನಿಜ. ಆದರೆ ಅದು ಬೆವರನ್ನು ಹೀರದು, ಹೊಲಿಗೆಯಲ್ಲಿ ಜಾರುತ್ತದೆ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಆದ್ದರಿಂದ ಒಳ್ಳೆಯ ಕೌದಿ ಬೇಕೆನ್ನುವವರು, ಪಟ್ಟಣದ ಗಿರಾಕಿಗಳಿಗಾಗಿ ಹೊಲಿಯುವವರು, ಹೊಸ ಹತ್ತಿಯ ಅರಿವೆಯನ್ನು ಹುಬ್ಬಳ್ಳಿಯ ಪೇಟೆಯಿಂದ ಕೊಂಡು ತರಬೇಕಾಗಿದೆ. ಕರಿಯ ಬಣ್ಣದ ತೊಡಕು ಆರಂಭವಾಗುವುದು ಇಲ್ಲಿಯೇ.

ಈ ನಾಡಿಗೆ ಕಪ್ಪು ಹೊಸ ಬಣ್ಣವೇನಲ್ಲ. ಕಾಲಿಗೆ ಅಂಟುವ ಎರೆಮಣ್ಣಿನಿಂದ ಹಿಡಿದು ಕುರುಬರ ಕಂಬಳಿಯವರೆಗೆ ಎಲ್ಲವೂ ಕಪ್ಪೇ. ಆ ಕರಿಯ ಕಂಬಳಿಯನ್ನು ಎಷ್ಟು ನೆನೆಸಿದರೂ ನೀರಿಗೆ ಕಪ್ಪು ಇಳಿಯುವುದಿಲ್ಲ. ಏಕೆಂದರೆ ಅದು ಯಾರೂ ಹಾಕಿದ ಬಣ್ಣವಲ್ಲ. ದಖನಿ ಕುರಿಯ ಉಣ್ಣೆಯ ಎಳೆಯೊಳಗೆ ಹುಟ್ಟಿನಿಂದಲೇ ಕೂತ ಬಣ್ಣ. ಬಹುಕಾಲ ಬಿಸಿಲು ಕಂಡರೆ ಕಂದಾದೀತು. ಪಕ್ಕದ ಬಟ್ಟೆಗೆ ಮಾತ್ರ ಹತ್ತದು. ಇನ್ನು ಮದುವಣಗಿತ್ತಿಗೆ ಕೊಡುತ್ತಿದ್ದ, ಕಸೂತಿಯ ಗೋಪುರ ತೇರುಗಳನ್ನು ಹೊತ್ತ ಚಂದ್ರಕಾಳಿ ಸೀರೆಯ ಕಪ್ಪು ಬೇರೆಯ ಬಗೆಯದು. ಅದು ನೀಲಿಯ ಹೊಂಡದಲ್ಲಿ ಮತ್ತೆ ಮತ್ತೆ ಅದ್ದಿ ಬರಿಸಿದ ಕಪ್ಪು. ಶುಭಕಾರ್ಯಕ್ಕೆ ಕಪ್ಪು ಬೇಡವೆನ್ನುವ ಹಿರಿಯರೂ ಚಂದ್ರಕಾಳಿಯ ಮುಂದೆ ತಮ್ಮ ಮಾತನ್ನು ಸಡಿಲಿಸುತ್ತಿದ್ದರು!

ನೀಲಿಯ ಗುಟ್ಟನ್ನು ಅರಿತರೆ ಪಕ್ಕಾ ಬಣ್ಣದ ಗುಟ್ಟನ್ನೇ ಅರಿತಂತೆ. ನೀಲಿ ನೀರಿನಲ್ಲಿ ಕರಗದ ವಸ್ತು. ಸುಣ್ಣ, ಬೆಲ್ಲ, ತಗಚೆಯ ಬೀಜ ಮೊದಲಾದವುಗಳೊಡನೆ ಹುಳಿಯಿಸಿದಾಗ ಅದು ರೂಪ ಬದಲಿಸಿ ಕರಗುತ್ತದೆ. ಆಗ ನೂಲಿನ ಒಳಹೊಗುತ್ತದೆ. ಮೇಲೆತ್ತಿ ಗಾಳಿಗೆ ಹಿಡಿದೊಡನೆ ಮತ್ತೆ ಕರಗದ ನೀಲಿಯಾಗಿ ಅಲ್ಲಿಯೇ ಸೆರೆಯಾಗುತ್ತದೆ. ಹೀಗಾಗಿ ನೀರು ಅದನ್ನು ಕರಗಿಸಿ ಹೊರತರಲಾರದು. ಉಜ್ಜಿದರೆ ಮಾತ್ರ ಎಳೆಯ ಮೇಲ್ಮೈಯ ನೀಲಿ ಕೈಗೆ ಹತ್ತೀತು.

ಗಿರಣಿಯ ಕಪ್ಪಿನ ಕಥೆಯೂ ಇದರಿಂದ ದೂರವಿಲ್ಲ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ತರುಣನು ಕೃತಕವಾಗಿ ನೇರಳೆ ಬಣ್ಣವನ್ನು ತಯಾರಿಸಿದ ಮೇಲೆ ಒಂದೊಂದಾಗಿ ಹೊಸ ಬಣ್ಣಗಳು ಬಂದವು. 1863ರಲ್ಲಿ ಅನಿಲೀನ್ ಕಪ್ಪು, 1893ರಲ್ಲಿ ಗಂಧಕದಿಂದಾದ ವಿದಾಲ್ ಕಪ್ಪು. ಈ ಗಂಧಕದ ಕಪ್ಪಿನ ವಂಶವೇ ಅಗ್ಗದ ಹತ್ತಿ ಬಟ್ಟೆಯ ಲೋಕವನ್ನು ಆಳಿತು, ಇಂದಿಗೂ ಆಳುತ್ತಿದೆ. ನೀಲಿಯ ಹೊಂಡದ ಉಪಾಯವೇ ಇಲ್ಲಿಯದೂ. ಕರಗಿಸಿ ಒಳಗೆ ಕಳುಹಿಸಿ, ಅಲ್ಲಿ ಕರಗದಂತೆ ಮಾಡುವುದು. ಸಾಬೂನಿನ ಒಗೆತಕ್ಕೆ ಅದು ಚೆನ್ನಾಗಿ ತಡೆಯುತ್ತದೆ. ಆದರೆ ಬ್ಲೀಚಿಂಗ್ ಪುಡಿ ಅದಕ್ಕೆ ಶತ್ರು. ಇನ್ನೊಂದು ದೋಷವೂ ಉಂಟು: ಪೆಟ್ಟಿಗೆಯಲ್ಲಿ ಸೆಕೆ, ತೇವಗಳ ನಡುವೆ ಬಹುಕಾಲ ಉಳಿದರೆ ಅದರ ಗಂಧಕ ಮೆಲ್ಲಗೆ ಆಮ್ಲವಾಗಿ ಬಟ್ಟೆಯ ಬಲವನ್ನೇ ತಿನ್ನಬಹುದು. ಹಳೆಯ ಕಾಲದ ಅಳಲೆಕಾಯಿ ಮತ್ತು ಕಬ್ಬಿಣದ ಕಪ್ಪಿಗೂ ಇದೇ ಬಗೆಯ ಶಾಪವಿತ್ತು. ಸುತ್ತಲಿನ ಬಟ್ಟೆಯೆಲ್ಲ ಗಟ್ಟಿಯಾಗಿದ್ದು ಕಪ್ಪು ಬಣ್ಣದ ಜಾಗವಷ್ಟೇ ಜಾಳಾಗಿ ಹರಿದ ಹಳೆಯ ವಸ್ತ್ರಗಳು ಅನೇಕ.

1956ರಲ್ಲಿ ಐ.ಸಿ.ಐ. ಕಂಪನಿಯು ಪ್ರೋಸಿಯಾನ್ ಎಂಬ ಹೊಸ ಬಗೆಯ ಬಣ್ಣಗಳನ್ನು ಪೇಟೆಗೆ ತಂದಿತು. ಇವು ಹತ್ತಿಯ ಎಳೆಯೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವಂಥವು. ರಿಯಾಕ್ಟಿವ್ ಬಣ್ಣಗಳೆಂದು ಇವಕ್ಕೆ ಹೆಸರು. ಬೆಸೆದ ಬಣ್ಣ ಬಿಡದು. ಆದರೆ ಹೊಂಡದಲ್ಲಿ ಒಂದಿಷ್ಟು ಬಣ್ಣ ಬೆಸೆಯದೆಯೇ ಉಳಿದುಬಿಡುತ್ತದೆ. ಅದನ್ನು ಕುದಿಯುವ ಸಾಬೂನಿನ ನೀರಿನಲ್ಲಿ ತೊಳೆದು ತೆಗೆಯುವುದು ಗಿರಣಿಯ ಹೊಣೆ. ನೀರು, ಉರುವಲು, ಸಮಯ ಮೂರನ್ನೂ ಉಳಿಸಬಯಸುವ ಕಾರಖಾನೆ ಆ ಹೊಣೆಯನ್ನು ಕೊಳ್ಳುವವರ ಬಕೀಟಿಗೆ ದಾಟಿಸುತ್ತದೆ. ಎಲ್ಲಕ್ಕೂ ಅಗ್ಗವಾದ ‘ಡೈರೆಕ್ಟ್’ ಕಪ್ಪಿನ ಸಂಗತಿಯೇ ಬೇರೆ. ಅದು ಎಳೆಗೆ ಬರಿದೆ ಅಂಟಿಕೊಂಡಿರುತ್ತದೆ, ಬೆಸೆದುಕೊಂಡಿರುವುದಿಲ್ಲ. ನೀರು ಕಂಡಾಗಲೆಲ್ಲ ಅದು ಒಂದಿಷ್ಟು ಇಳಿಯುತ್ತಲೇ ಇರುತ್ತದೆ.

ಗೃಹಿಣಿಯರು ಮನಸ್ಸಿನಲ್ಲಿಡಬೇಕಾದ ಭೇದ ಇದೇ. ಮೊದಲ ಒಗೆತದಲ್ಲಿ ನೀರು ಕಪ್ಪಾದ ಮಾತ್ರಕ್ಕೆ ಬಟ್ಟೆ ಕೆಟ್ಟದ್ದಲ್ಲ. ಮೂರನೆಯ, ನಾಲ್ಕನೆಯ ಒಗೆತದಲ್ಲಿಯೂ ಕಪ್ಪಾಗುತ್ತಿದ್ದರೆ ಅದು ಕೌದಿಗೆ ಯೋಗ್ಯವಲ್ಲ.

ಅಂಗಡಿಯಲ್ಲಿ ಕೇಳಿ ಪ್ರಯೋಜನ ಕಡಿಮೆ. “ಪಕ್ಕಾ ಬಣ್ಣ ಐತ್ರಿ ಅಕ್ಕಾರ, ಹ್ವಾದ್ರ ಅರಿವಿ ತಿರುಗಿ ತಗೊಂಬರ್ರಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವನೇನೂ ಬೇಕೆಂದು ಸುಳ್ಳು ಹೇಳುವುದಿಲ್ಲ. ಥಾನಿನ ಬಣ್ಣ ಯಾವ ಜಾತಿಯದೆಂಬುದು ಅವನಿಗೂ ಗೊತ್ತಿರುವುದಿಲ್ಲ. ಬಿಳಿಯ ಕರವಸ್ತ್ರದ ಮೂಲೆಯನ್ನು ಒದ್ದೆಮಾಡಿ ಥಾನಿನ ಅಂಚಿನ ಮೇಲೆ ಹತ್ತು ಸಲ ಒತ್ತಿ ಉಜ್ಜಿದರೆ ಬಟ್ಟೆಯೇ ಉತ್ತರ ಕೊಡುತ್ತದೆ. ಪ್ರಯೋಗಾಲಯಗಳಲ್ಲಿ ನಡೆಯುವುದೂ ಇದೇ. ಅಲ್ಲಿ ಯಂತ್ರ ಉಜ್ಜುತ್ತದೆ, ಬಿಳಿಯ ತುಂಡಿಗೆ ಹತ್ತಿದ ಕಲೆಯನ್ನು ಬೂದು ಬಣ್ಣದ ಅಳತೆಪಟ್ಟಿಯೊಡನೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಐದು ಉತ್ತಮ. ಕಡುಗಪ್ಪು ಬಟ್ಟೆಗೆ ಒದ್ದೆಯ ಉಜ್ಜುವಿಕೆಯಲ್ಲಿ ಪೂರ್ಣ ಐದು ಸಿಗುವುದು ಅಪರೂಪ. ಆದ್ದರಿಂದ ಕರವಸ್ತ್ರಕ್ಕೆ ತೆಳುವಾದ ಛಾಯೆ ಹತ್ತಿದರೆ ಹೆದರಬೇಕಾಗಿಲ್ಲ. ಶಾಯಿ ಚೆಲ್ಲಿದಂತಾದರೆ ಆ ಥಾನನ್ನು ಮಡಿಸಿಡುವಂತೆ ಹೇಳುವುದು ಲೇಸು.

ನಿಜವಾದ ಪರೀಕ್ಷೆ ಮನೆಯಲ್ಲಿ. ಎಷ್ಟು ವಾರ ಬೇಕೋ ಅಷ್ಟನ್ನೂ ಕೊಳ್ಳುವ ಮುನ್ನ ಗೇಣುದ್ದ ಕೊಂಡು ತರಬೇಕು. ಅದರ ಒಂದು ಅಂಚಿಗೆ ಬಿಳಿಯ ಹತ್ತಿಯ ತುಂಡನ್ನು ಹೊಲಿದು, ಕೈ ತಾಳದಷ್ಟು ಬಿಸಿಯಾದ ಸಾಬೂನಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹಿಂಡಿ, ಮಡಿಸಿ, ಒದ್ದೆಯಾಗಿಯೇ ರಾತ್ರಿಯಿಡೀ ಬಿಡಬೇಕು. ಈ ಕೊನೆಯ ಮಾತನ್ನು ಹಲವರು ಮರೆಯುತ್ತಾರೆ. ದಪ್ಪ ಕೌದಿ ಒಣಗುವುದಕ್ಕೆ ದಿನ ಹಿಡಿಯುತ್ತದೆ. ಮಳೆಗಾಲದ ಕಲಘಟಗಿಯಲ್ಲಿ ಇನ್ನೂ ಹೆಚ್ಚು. ಅಷ್ಟು ಹೊತ್ತೂ ಕಪ್ಪು ತುಂಡು ಒದ್ದೆಯ ಬಿಳಿಯ ತುಂಡಿಗೆ ಒತ್ತಿಕೊಂಡೇ ಇರುತ್ತದೆ. ಒಗೆಯುವಾಗ ಬಿಡದ ಬಣ್ಣ ಒಣಗುವಾಗ ಹತ್ತುವುದು ಹೀಗೆ. ಬೆಳಗ್ಗೆ ಬಿಳಿಯ ತುಂಡು ಬಿಳಿಯಾಗಿಯೇ ಇದ್ದರೆ ಆ ಅರಿವೆಯನ್ನು ನಂಬಬಹುದು. ಅಂದವಾಗಿ ಹೊಲಿಯಲೆಂದು ಕರಿಯ ದಾರವನ್ನು ಆರಿಸಿದವರು ಆ ದಾರವನ್ನೂ ಬಿಳಿಯ ಚಿಂದಿಗೆ ಸುತ್ತಿ ಹೀಗೆಯೇ ನೋಡಬೇಕು. ಸಾವಿರಾರು ಹೊಲಿಗೆಗಳಲ್ಲಿ ಕೌದಿಯ ಮೈತುಂಬ ಓಡುವುದು ಅದೇ ಅಲ್ಲವೆ?

ಬಣ್ಣ ಕೂರಲೆಂದು ಉಪ್ಪಿನ ನೀರಿನಲ್ಲಿ, ಪಟಕದ ನೀರಿನಲ್ಲಿ ನೆನೆಸುವ ರೂಢಿ ಮನೆಮನೆಯಲ್ಲಿದೆ. ಹಾಕುವ ಹೊತ್ತಿನಲ್ಲಿ ಉಪ್ಪು ಬಣ್ಣವನ್ನು ಎಳೆಯ ಕಡೆಗೆ ನೂಕುವುದು ಸತ್ಯ. ಗಿರಣಿಗಳೂ ಹಾಗೆಯೇ ಉಪ್ಪನ್ನು ಬಳಸುತ್ತವೆ. ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಉಪ್ಪು ಹೊಸ ಬೆಸುಗೆಯನ್ನು ಹಾಕಲಾರದು. ಉಪ್ಪಿನ ನೀರಿನಲ್ಲಿ ಬಣ್ಣ ಬಿಡದ್ದನ್ನು ಕಂಡು ಸಮಾಧಾನಗೊಂಡವರು, ಮುಂದಿನ ಸಲ ಸಪ್ಪೆ ನೀರಿನಲ್ಲಿ ಅದ್ದಿದಾಗ ಅದೇ ಕಪ್ಪನ್ನು ಕಾಣುತ್ತಾರೆ. ಪಟಕವು ಮಂಜಿಷ್ಠದಂಥ ಬೇರಿನ ಬಣ್ಣಗಳಿಗೆ ಆಧಾರ; ಗಿರಣಿಯ ಕಪ್ಪಿಗಲ್ಲ.

ಪರೀಕ್ಷೆಯಲ್ಲಿ ಉಳಿದುಕೊಂಡ ಅರಿವೆಯನ್ನೂ ಕತ್ತರಿಸುವ ಮುನ್ನ ಇಡಿಯಾಗಿ ಮೂರು ಸಲ ಬಿಸಿನೀರಿನಲ್ಲಿ ತೊಳೆಯಬೇಕು. ಎರೆಭೂಮಿಯ ಬಾವಿಗಳ ಸವಳು ನೀರು ಇದಕ್ಕೆ ಒಗ್ಗದು. ಸಾಬೂನು ನೊರೆಯಾಗದೆ ಮೊಸರಿನಂತೆ ಒಡೆಯುತ್ತದೆ, ಸಡಿಲವಾದ ಬಣ್ಣ ಎಳೆಯಲ್ಲೇ ನಿಲ್ಲುತ್ತದೆ. ಹಿಡಿದಿಟ್ಟ ಮಳೆಯ ನೀರಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಈ ಒಗೆತದಿಂದ ಇನ್ನೊಂದು ಲಾಭವೂ ಇದೆ. ಹೊಸ ಹತ್ತಿ ಕುಗ್ಗುತ್ತದೆ, ಹಳೆಯ ಸೀರೆ ಕುಗ್ಗದು. ಎರಡನ್ನೂ ಜೊತೆಗೆ ಹೊಲಿದರೆ ಮೊದಲ ಒಗೆತಕ್ಕೇ ಕರಿಯ ತುಂಡು ಬಿಗಿದು ಸುತ್ತಲೆಲ್ಲ ಸುಕ್ಕು ಬೀಳುತ್ತದೆ.

ತೊಟ್ಟಿಲ ಕೌದಿಯ ವಿಷಯದಲ್ಲಿ ಮಾತ್ರ ಇಷ್ಟೂ ಸಾಲದು. ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರಾದದ್ದು. ಅದರೊಳಗೆ ಹಾಸುವ ಪುಟ್ಟ ಕೌದಿಯೂ ಅದಕ್ಕೆ ಒಪ್ಪುವಂತಿರಲೆಂದು ಅಜ್ಜಿಯಂದಿರು ಬಯಸುವುದು ಸಹಜ. ದೃಷ್ಟಿಗೆಂದು ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಡುವ ನಾಡಿನಲ್ಲಿ ಕೌದಿಯ ಮೂಲೆಗೂ ಒಂದು ಕಪ್ಪು ತುಂಡು ಬಂದರೆ ಆಶ್ಚರ್ಯವಿಲ್ಲ. ಆದರೆ ಹಲ್ಲು ಬರುವ ಕೂಸಿನ ಬಾಯಿಗೆ ಮೊದಲು ಸಿಗುವುದು ಆ ಮೂಲೆಯೇ. ಅಗ್ಗದ ಡೈರೆಕ್ಟ್ ಕಪ್ಪುಗಳಲ್ಲಿ ಹಲವು ಬೆಂಝಿಡಿನ್ ಎಂಬ ವಸ್ತುವಿನಿಂದ ತಯಾರಾಗುತ್ತಿದ್ದವು. ಅದು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಬಣ್ಣದ ಕಾರಖಾನೆಗಳ ಕೆಲಸಗಾರರ ರೋಗದಿಂದಲೇ ಸಿದ್ಧವಾಯಿತು. ಭಾರತ ಸರ್ಕಾರವು 1990ರ ದಶಕದಲ್ಲಿ ಇಂಥ ಬಣ್ಣಗಳನ್ನು ನಿಷೇಧಿಸಿತು. ಜರ್ಮನಿಯೂ 1994ರಲ್ಲಿ ಕಾನೂನು ಮಾಡಿತು. ಹೀಗಿದ್ದರೂ ಹೆಸರಿಲ್ಲದ, ಚೀಟಿಯಿಲ್ಲದ ಕರಿಯ ತುಂಡು ಎಲ್ಲಿಂದ ಬಂದಿತೆಂದು ಬಲ್ಲವರಾರು? ‘ಓಕೋ-ಟೆಕ್ಸ್’ ಎಂಬ ಚೀಟಿಯಲ್ಲಿ ಮೂರು ವರುಷದೊಳಗಿನ ಮಕ್ಕಳ ಬಟ್ಟೆಗೆ ಪ್ರತ್ಯೇಕವಾದ, ಎಲ್ಲಕ್ಕೂ ಕಠಿಣವಾದ ದರ್ಜೆಯಿದೆ. ಜೊಲ್ಲಿಗೆ ಬಣ್ಣ ಬಿಡಬಾರದೆಂಬುದೂ ಅದರ ನಿಯಮಗಳಲ್ಲೊಂದು. ಅಂಥ ಬಟ್ಟೆ ಸಿಗದಿದ್ದರೆ ತೊಟ್ಟಿಲ ಕೌದಿಗೆ ಹೊಸ ಕಪ್ಪನ್ನು ಹಾಕದಿರುವುದೇ ವಿಹಿತ. ಬಹುಕಾಲ ಉಟ್ಟು ಒಗೆದ ಹತ್ತಿಯ ಬಿಳಿ ಧೋತರಕ್ಕಿಂತ ಮೃದುವಾದುದು ಕೂಸಿಗೆ ಬೇರೆ ಏನಿದೆ?

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಮ್ಮೊಮ್ಮೆ ಕಪ್ಪು ಹರಿದುಬಿಡುತ್ತದೆ. ಆಗ ಗಾಬರಿಯಿಂದ ಕೌದಿಯನ್ನು ಬಿಸಿಲಿಗೆ ಹಾಕಿ ಒಣಗಿಸಲೂಬಾರದು, ಬ್ಲೀಚಿಂಗ್ ಪುಡಿಯನ್ನು ಸುರಿಯಲೂಬಾರದು. ಹೊಸದಾಗಿ ಹತ್ತಿದ ಬಣ್ಣ ಇನ್ನೂ ಸಡಿಲವಾಗಿರುತ್ತದೆ. ಒಣಗಿದರೆ ತೆಗೆಯುವುದು ಕಷ್ಟವಾಗುತ್ತದೆ. ಕೌದಿಯನ್ನು ಒದ್ದೆಯಾಗಿಯೇ ಇಟ್ಟು, ದೊಡ್ಡ ಹಂಡೆಯಲ್ಲಿ ಅದು ತೇಲುವಷ್ಟು ಬಿಸಿನೀರು ಹಾಕಿ, ಸಾಬೂನಿನ ಪುಡಿಯನ್ನು ಕದಡಿ, ಪೂರ್ತಿ ಮುಳುಗಿಸಿ ರಾತ್ರಿ ಬಿಡಬೇಕು. ನೀರು ಕಡಿಮೆಯಾದರೆ ಬಿಟ್ಟ ಬಣ್ಣ ಮತ್ತೆ ಬಟ್ಟೆಯನ್ನೇ ಹಿಡಿಯುತ್ತದೆ. ಬೆಳಗ್ಗೆ ಆ ಕರಿನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಹಂಡೆಯ ನೀರಿನಲ್ಲಿ ತಳ ಕಾಣುವವರೆಗೆ, ಎರಡು ದಿನವಾಗಲಿ ಮೂರು ದಿನವಾಗಲಿ, ಹೀಗೆಯೇ ಮಾಡಬೇಕು. ಆಮೇಲೆ ನೆರಳಿನಲ್ಲಿ, ಮಡಿಕೆಗೆ ಮಡಿಕೆ ತಾಗದಂತೆ, ಎರಡು ಹಗ್ಗಗಳ ಮೇಲೆ ಅಗಲವಾಗಿ ಹರವಬೇಕು.